ಮದ್ದಿನ ಚೀಟಿಯಲ್ಲಿ ಗ್ರಂಥಾಲಯ

‘ನಿದ್ದೆ ಬರುವುದಿಲ್ಲ, ಹೊಟ್ಟೆ ಉಬ್ಬರಿಸುತ್ತದೆ, ಎದೆಯಲ್ಲಿ ಏನೋ ಹಿಡಿದಂತಾಗುತ್ತದೆ.’

ಕಳೆದ ವರ್ಷ ನನ್ನ ಚಿಕಿತ್ಸಾಲಯಕ್ಕೆ ಬಂದ ಹಿರಿಯರೊಬ್ಬರ ದೂರು ಇದು. ವಯಸ್ಸು 64. ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದು ನಿವೃತ್ತರಾದವರು. ಕೈಯಲ್ಲಿ ದಪ್ಪನೆಯ ಫೈಲು. ಇ.ಸಿ.ಜಿ., ರಕ್ತಪರೀಕ್ಷೆ, ಹೊಟ್ಟೆಯ ಸ್ಕ್ಯಾನಿಂಗ್, ಥೈರಾಯ್ಡ್ ಪರೀಕ್ಷೆ ಎಲ್ಲದರ ವರದಿಯೂ ಅದರಲ್ಲಿತ್ತು. ಯಾವುದರಲ್ಲಿಯೂ ದೋಷವಿರಲಿಲ್ಲ.

ತೂಕ ನೋಡಿಸಲು ಅವರು ಪಕ್ಕದ ಕೋಣೆಗೆ ಹೋದಾಗ ಜತೆಯಲ್ಲಿ ಬಂದಿದ್ದ ಸೊಸೆ ಮೆಲ್ಲನೆ ಹೇಳಿದರು: ‘ಡಾಕ್ಟ್ರೇ, ಅತ್ತೆ ಹೋದ ಮೇಲೆ ಮಾವ ಮನೆಯ ಗೇಟು ದಾಟುವುದೇ ಅಪರೂಪ. ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಮಗಳು ಶಾಲೆಗೆ. ಸಂಜೆಯವರೆಗೆ ಅವರು ಬಾಯಿ ಬಿಡುವುದು ಹಾಲಿನವನ ಹತ್ತಿರ ಮಾತ್ರ.’

ಅವರ ದಿನಚರಿ ವಿಚಾರಿಸಿದೆ. ಬೆಳಿಗ್ಗೆ ಪತ್ರಿಕೆ, ಆಮೇಲೆ ಟಿ.ವಿ., ಊಟವಾದ ಬಳಿಕ ಎರಡು ಮೂರು ಗಂಟೆ ನಿದ್ದೆ, ಎದ್ದ ಮೇಲೆ ಮತ್ತೆ ಟಿ.ವಿ. ಹಗಲು ಇಷ್ಟು ಮಲಗಿದವರಿಗೆ ರಾತ್ರಿ ನಿದ್ದೆ ಎಲ್ಲಿಂದ ಬರಬೇಕು? ಊಟ ರುಚಿಸುತ್ತದೆಯೇ, ಬದುಕು ಬೇಡವೆನಿಸುವುದುಂಟೇ ಎಂದೂ ಕೇಳಿದೆ. ಚಿಕಿತ್ಸೆ ಬೇಕಾಗುವಷ್ಟು ಖಿನ್ನತೆ ಕಾಣಲಿಲ್ಲ. ಕಂಡದ್ದು ಒಂಟಿತನ.

ಚೀಟಿಯಲ್ಲಿ ಮಾತ್ರೆಯ ಹೆಸರು ಬರೆಯುವ ಜಾಗದಲ್ಲಿ ಹೀಗೆ ಬರೆದೆ: ‘ದಿನಾ ಸಂಜೆ ನಿಮ್ಮ ಬಡಾವಣೆಯ ಗ್ರಂಥಾಲಯಕ್ಕೆ ನಡೆದು ಹೋಗಿ. ಒಂದು ಗಂಟೆ ಕೂತು ಓದಿ. ಓದಿದ್ದರಲ್ಲಿ ಒಂದು ವಿಷಯ ಮೊಮ್ಮಗಳಿಗೆ ಹೇಳಿ.’

ಅವರು ಚೀಟಿ ನೋಡಿ ನಕ್ಕರು. ‘ಓದುವುದಕ್ಕೆ ಪೇಪರು ಮನೆಗೇ ಬರುತ್ತದಲ್ಲ ಸ್ವಾಮಿ? ಅಲ್ಲಿಗೇಕೆ ಹೋಗಬೇಕು?’

ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಈ ವಾರದ ಅಂಕಣ ಅದಕ್ಕೇ ಉತ್ತರ.

ಒಂಟಿತನವೂ ಆರೋಗ್ಯದ ಪ್ರಶ್ನೆ

ಒಂಟಿತನವನ್ನು ನಾವು ಮನಸ್ಸಿನ ಬೇಸರವೆಂದಷ್ಟೇ ತಿಳಿಯುತ್ತೇವೆ. ಆದರೆ ವೈದ್ಯಲೋಕ ಈಗ ಅದನ್ನು ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಷ್ಟೇ ಗಂಭೀರವಾಗಿ ಪರಿಗಣಿಸುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆ ಈ ವಿಷಯಕ್ಕೆಂದೇ 2023ರಲ್ಲಿ ಒಂದು ಆಯೋಗವನ್ನು ರಚಿಸಿತು. 2025ರಲ್ಲಿ ಹೊರಬಂದ ಅದರ ವರದಿಯ ಪ್ರಕಾರ ಜಗತ್ತಿನ ಪ್ರತಿ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ. ಹೃದಯಾಘಾತ, ಪಾರ್ಶ್ವವಾಯು, ಖಿನ್ನತೆ, ಮರೆವಿನ ಕಾಯಿಲೆ ಇವುಗಳ ಸಾಧ್ಯತೆಯನ್ನು ಅದು ಹೆಚ್ಚಿಸುತ್ತದೆ.

ಮರೆವಿನ ಕಾಯಿಲೆಯ ಬಗ್ಗೆ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ನೇಮಿಸಿದ ತಜ್ಞರ ಸಮಿತಿ 2024ರಲ್ಲಿ ನಮ್ಮ ಹತೋಟಿಗೆ ಬರಬಹುದಾದ 14 ಕಾರಣಗಳ ಪಟ್ಟಿಯನ್ನು ಕೊಟ್ಟಿತು. ಜನರ ಒಡನಾಟವಿಲ್ಲದಿರುವುದು, ಶರೀರಕ್ಕೆ ಚಟುವಟಿಕೆ ಇಲ್ಲದಿರುವುದು, ಖಿನ್ನತೆ, ಕಿವಿ ಮಂದವಾಗುವುದು, ದೃಷ್ಟಿದೋಷವನ್ನು ಸರಿಪಡಿಸಿಕೊಳ್ಳದಿರುವುದು ಇವೆಲ್ಲ ಆ ಪಟ್ಟಿಯಲ್ಲಿವೆ. ಮನೆಯ ಮೂಲೆಯಲ್ಲಿ ಟಿ.ವಿ. ಮುಂದೆ ಕೂತ ಹಿರಿಯರಲ್ಲಿ ಇವುಗಳಲ್ಲಿ ಎರಡು ಮೂರಾದರೂ ಒಟ್ಟಿಗೇ ಇರುತ್ತವೆ ಎಂಬುದನ್ನು ಗಮನಿಸಿ.

ಗ್ರಂಥಾಲಯಕ್ಕೆ ಹೋಗುವವರಿಗೆ ಮೂರು ಲಾಭಗಳು ಒಂದೇ ಬಾರಿಗೆ ದೊರೆಯುತ್ತವೆ. ಹೋಗಿ ಬರುವ ನಡಿಗೆ ಒಂದು. ನಾಲ್ಕು ಜನರ ಮುಖ ನೋಡುವುದು ಎರಡು. ತಲೆಗೆ ಕೆಲಸ ಸಿಗುವುದು ಮೂರು. ಮನೆಗೆ ಬರುವ ಪತ್ರಿಕೆ ಇವುಗಳಲ್ಲಿ ಮೂರನೆಯದನ್ನು ಮಾತ್ರ ಕೊಡಬಲ್ಲದು.

ಓದಿದರೆ ಆಯುಷ್ಯ ಹೆಚ್ಚುತ್ತದೆಯೇ?

ಅಮೆರಿಕದ ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದಲ್ಲಿ 75 ವರ್ಷ ಮೀರಿದ 469 ಜನರನ್ನು ವೈದ್ಯರು ಹಲವು ವರ್ಷ ಗಮನಿಸಿದರು. 2003ರಲ್ಲಿ ಪ್ರಕಟವಾದ ಆ ಅಧ್ಯಯನದಂತೆ ಓದುವ ಹವ್ಯಾಸವುಳ್ಳವರು, ಮಣೆಯ ಮೇಲಿನ ಆಟಗಳನ್ನು ಆಡುವವರು, ವಾದ್ಯ ನುಡಿಸುವವರು ಮತ್ತು ನೃತ್ಯ ಮಾಡುವವರಲ್ಲಿ ಮರೆವಿನ ಕಾಯಿಲೆ ಕಡಿಮೆ ಕಂಡುಬಂತು. ನಮ್ಮ ಚೌಕಾಬಾರ, ಚದುರಂಗಗಳೂ ಮಣೆಯ ಆಟಗಳೇ ತಾನೆ!

ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ 50 ವರ್ಷ ದಾಟಿದ 3,635 ಜನರಿದ್ದರು. ಪುಸ್ತಕ ಓದುವವರು ಓದದವರಿಗಿಂತ 23 ತಿಂಗಳು ಹೆಚ್ಚು ಬದುಕಿದ್ದರು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಓದಿದ್ದರಿಂದಲೇ ಆಯುಷ್ಯ ಹೆಚ್ಚಿತು ಎಂದು ಈ ಅಧ್ಯಯನಗಳು ಸಾಬೀತು ಮಾಡಿಲ್ಲ. ಆರೋಗ್ಯ ಚೆನ್ನಾಗಿದ್ದವರೇ ಹೆಚ್ಚು ಓದುತ್ತಿರಬಹುದು. ಆದರೂ ಖರ್ಚಿಲ್ಲದ, ಅಡ್ಡ ಪರಿಣಾಮವಿಲ್ಲದ ಅಭ್ಯಾಸವೊಂದನ್ನು ಬೆಳೆಸಿಕೊಳ್ಳಲು ಇಷ್ಟು ಆಧಾರ ಸಾಕು.

ಹೊರದೇಶಗಳಲ್ಲಿ

ಕೆಲವು ದೇಶಗಳು ಗ್ರಂಥಾಲಯವನ್ನು ಆರೋಗ್ಯ ಸೇವೆಯ ಜತೆಗೇ ಜೋಡಿಸಿವೆ. ಇಂಗ್ಲೆಂಡಿನಲ್ಲಿ 2013ರಲ್ಲಿ ಆರಂಭವಾದ ಯೋಜನೆಯೊಂದರಲ್ಲಿ ವೈದ್ಯರು ಆತಂಕ, ಖಿನ್ನತೆಯ ಸೌಮ್ಯ ಲಕ್ಷಣಗಳಿರುವವರಿಗೆ ಆಯ್ದ ಪುಸ್ತಕಗಳನ್ನು ಸೂಚಿಸುತ್ತಾರೆ. ಅವನ್ನು ಸಾರ್ವಜನಿಕ ಗ್ರಂಥಾಲಯದಿಂದ ಪಡೆಯಬಹುದು. ಅಮೆರಿಕದ ಅರಿಜೋನಾ ರಾಜ್ಯದ ಪೀಮಾ ಕೌಂಟಿಯ ಗ್ರಂಥಾಲಯಗಳಿಗೆ 2012ರಲ್ಲಿ ದಾದಿಯರನ್ನೇ ನಿಯೋಜಿಸಲಾಯಿತು. ಓದಲು ಬಂದವರು ಅಲ್ಲಿಯೇ ರಕ್ತದೊತ್ತಡ ನೋಡಿಸಿಕೊಂಡು ಸಲಹೆ ಪಡೆಯುವ ಏರ್ಪಾಡು ಅದು. ಫಿಲಡೆಲ್ಫಿಯಾ ನಗರದ ಮುಖ್ಯ ಗ್ರಂಥಾಲಯದಲ್ಲಿ 2014ರಲ್ಲಿ ಒಂದು ಅಡುಗೆಮನೆಯನ್ನೇ ತೆರೆದು ಹಿತಮಿತವಾದ ಅಡುಗೆಯನ್ನು ಕಲಿಸತೊಡಗಿದರು.

ಪುಸ್ತಕ ಚರ್ಚೆ, ಕಂಪ್ಯೂಟರ್ ಕಲಿಕೆ, ಹೆಣಿಗೆ, ಹಗುರವಾದ ವ್ಯಾಯಾಮ ಹೀಗೆ ದೊಡ್ಡವರಿಗಾಗಿ ಉಚಿತ ಕಾರ್ಯಕ್ರಮಗಳನ್ನು ನಡೆಸುವುದು ಅಲ್ಲಿನ ಅನೇಕ ಗ್ರಂಥಾಲಯಗಳ ನಿತ್ಯದ ಕೆಲಸ. ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ನಮ್ಮ ತಂದೆ ತಾಯಂದಿರು ಅಲ್ಲಿ ಹಗಲೆಲ್ಲ ಕಿಟಕಿಯಿಂದ ರಸ್ತೆ ನೋಡುತ್ತ ಕೂರುವ ಬದಲು ಹತ್ತಿರದ ಗ್ರಂಥಾಲಯವನ್ನು ವಿಚಾರಿಸುವುದು ಒಳ್ಳೆಯದು.

ನಮ್ಮಲ್ಲೇನು ಕಡಿಮೆ?

ಗ್ರಂಥಾಲಯದ ವಿಷಯದಲ್ಲಿ ಕರ್ನಾಟಕ ಹಿಂದುಳಿದ ರಾಜ್ಯವೇನಲ್ಲ. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿರುವ ಕೆಂಪು ಬಣ್ಣದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ ಬಹಳ ಹಿಂದಿನಿಂದಲೂ ಗ್ರಂಥಾಲಯವಿದೆ. ರಾಜ್ಯಕ್ಕೆ 1965ರಲ್ಲಿಯೇ ಸಾರ್ವಜನಿಕ ಗ್ರಂಥಾಲಯಗಳ ಕಾನೂನು ಬಂತು. ಆ ಕಾನೂನಿನಂತೆ ನಗರಗಳಲ್ಲಿ ನಾವು ಕಟ್ಟುವ ಮನೆ ಕಂದಾಯದ ಜತೆಗೆ ಗ್ರಂಥಾಲಯ ಕರವೂ ಸೇರಿರುತ್ತದೆ. ಅಂದರೆ ಈ ಸೇವೆಯ ದುಡ್ಡನ್ನು ನೀವು ಆಗಲೇ ಕೊಟ್ಟಾಗಿದೆ! ಮುಂದಿನ ಬಾರಿ ರಸೀದಿ ಬಂದಾಗ ಓದಿ ನೋಡಿ.

ಅಲ್ಲಿಯೇ ಕೂತು ಓದುವುದಕ್ಕೆ ಶುಲ್ಕವಿಲ್ಲ. ಪುಸ್ತಕವನ್ನು ಮನೆಗೆ ಒಯ್ಯಬೇಕಾದರೆ ಸದಸ್ಯರಾಗಬೇಕು. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ ಎಂಬ ಹೆಸರಿನಲ್ಲಿ ನಡೆಯುತ್ತಿವೆ.

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್.ಆರ್. ರಂಗನಾಥನ್ ಅವರು ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ಇಲ್ಲಿಯೇ ತೀರಿಕೊಂಡರು. ಗ್ರಂಥಾಲಯದ ಬಗ್ಗೆ ಅವರು 1931ರಲ್ಲಿ ಬರೆದ ಐದು ಸೂತ್ರಗಳು ಜಗತ್ಪ್ರಸಿದ್ಧ. ಪುಸ್ತಕ ಬೀರುವಿನಲ್ಲಿ ಭದ್ರವಾಗಿರುವುದಕ್ಕಲ್ಲ, ಬಳಕೆಗೆ ಎಂಬುದು ಅವುಗಳ ಮೊದಲ ಮಾತು. ಕೊನೆಯ ಸೂತ್ರದಲ್ಲಿ ಅವರು ಗ್ರಂಥಾಲಯವನ್ನು ಬೆಳೆಯುವ ಜೀವಿಗೆ ಹೋಲಿಸಿದರು. ವೈದ್ಯನಾದ ನನಗೆ ಈ ಹೋಲಿಕೆ ತುಂಬ ಹಿಡಿಸುತ್ತದೆ. ಯಾವ ಜೀವಿಯೂ ಆಹಾರವಿಲ್ಲದೆ ಬೆಳೆಯದು. ಗ್ರಂಥಾಲಯಕ್ಕೆ ಆಹಾರವೆಂದರೆ ಬರುವ ಜನ.

ನಮ್ಮಲ್ಲಿ ಕಡಿಮೆಯಿರುವುದು ಇದೇ. ಬಹಳಷ್ಟು ಗ್ರಂಥಾಲಯಗಳು ಪತ್ರಿಕೆ ಓದುವ ಮತ್ತು ಸ್ಪರ್ಧಾತ್ಮಕ ಪರೀಕ್ಷೆಗೆ ಸಿದ್ಧರಾಗುವ ಜಾಗಗಳಾಗಿ ಉಳಿದಿವೆ. ಹಿರಿಯರಿಗಾಗಿ ವಾರಕ್ಕೊಂದು ಕಾರ್ಯಕ್ರಮ ನಡೆಸಲು ದೊಡ್ಡ ಹಣವೇನೂ ಬೇಡ, ಕೇಳುವವರು ಬೇಕು. ನಾಲ್ಕೈದು ಮಂದಿ ಒಟ್ಟಾಗಿ ಗ್ರಂಥಪಾಲಕರನ್ನು ಕಂಡು ಕೇಳಿ ನೋಡಿ. ಹೀಗೆ ಕೇಳಬಹುದು:

* ವಾರಕ್ಕೊಮ್ಮೆ ಒಂದು ಗಂಟೆ ಗಟ್ಟಿಯಾಗಿ ಓದುವ ಗುಂಪು. ಒಬ್ಬರು ಓದುವುದು, ಉಳಿದವರು ಕೇಳುವುದು, ಆಮೇಲೆ ಮಾತುಕತೆ. ಇದು ನಮಗೆ ಹೊಸತಲ್ಲ. ಊರಿನ ಜಗುಲಿಗಳಲ್ಲಿ ಕುಮಾರವ್ಯಾಸ ಭಾರತವನ್ನು ಒಬ್ಬರು ಓದಿ, ಇನ್ನೊಬ್ಬರು ಅರ್ಥ ಹೇಳುತ್ತಿದ್ದ ಕಾಲವಿತ್ತು. ಓದು ಬರಹ ಬಾರದವರೂ, ಕಣ್ಣು ಮಂಜಾದವರೂ ಇದರಲ್ಲಿ ಪಾಲ್ಗೊಳ್ಳಬಹುದು.

* ಮೊಬೈಲ್ ಬಳಕೆಯ ಪಾಠ. ಹಣ ಕಳಿಸುವುದು ಹೇಗೆ, ಮೋಸದ ಕರೆಗಳನ್ನು ಗುರುತಿಸುವುದು ಹೇಗೆ ಎಂಬುದನ್ನು ಅಲ್ಲಿಗೆ ಓದಲು ಬರುವ ಹುಡುಗ ಹುಡುಗಿಯರೇ ಹೇಳಿಕೊಡಬಲ್ಲರು.

* ತಿಂಗಳಿಗೊಮ್ಮೆ ಆರೋಗ್ಯದ ಮಾತು. ಸಮೀಪದ ಆರೋಗ್ಯ ಕೇಂದ್ರದವರನ್ನು ಕರೆದು ಬಿ.ಪಿ. ಮತ್ತು ಸಕ್ಕರೆಯ ತಪಾಸಣೆಯನ್ನೂ ಇಡಿಸಬಹುದು.

* ಚದುರಂಗ, ಪದಬಂಧಕ್ಕೆ ಒಂದು ಮೇಜು. ಓದುವವರಿಗೆ ತೊಂದರೆಯಾಗದಂತೆ ಅದು ವರಾಂಡದಲ್ಲಿದ್ದರೆ ಸಾಕು.

ಹೆಂಗಸರ ಮಾತು

ಸಂಜೆ ಯಾವುದಾದರೂ ಗ್ರಂಥಾಲಯದೊಳಗೆ ಇಣುಕಿ ನೋಡಿ. ಪತ್ರಿಕೆಯ ಮೇಜಿನ ಸುತ್ತ ಕೂತವರಲ್ಲಿ ಹೆಚ್ಚಿನವರು ಗಂಡಸರೇ. ಹೆಂಗಸರಿಗೆ ಓದುವ ಆಸೆಯಿಲ್ಲವೆಂದಲ್ಲ. ಅರವತ್ತು ದಾಟಿದ ಗೃಹಿಣಿಗೆ ನಿವೃತ್ತಿ ಎಂಬುದೇ ಇಲ್ಲ. ಸಂಜೆಯ ಕಾಫಿ, ಮೊಮ್ಮಕ್ಕಳು, ರಾತ್ರಿಯ ಅಡುಗೆ ಅವರ ಪಾಲಿಗೇ ಬರುತ್ತವೆ. ಮನೆ ತುಂಬ ಜನವಿದ್ದೂ ಮನಸ್ಸು ಬಿಚ್ಚಿ ಮಾತಾಡಲು ಯಾರೂ ಇಲ್ಲದ ಒಂಟಿತನ ಅವರದು. ಮೊಣಕಾಲು ನೋವು, ತಲೆ ಸುತ್ತು ಎಂದು ಬರುವ ಎಷ್ಟೋ ತಾಯಂದಿರು ನನ್ನೆದುರು ಐದು ನಿಮಿಷ ಮನೆಯ ವಿಷಯ ಮಾತಾಡಿ ಹಗುರವಾಗಿ ಎದ್ದು ಹೋಗುವುದನ್ನು ಕಂಡಿದ್ದೇನೆ.

ಮನೆಯವರು ವಾರಕ್ಕೆರಡು ದಿನ ಅವರಿಗೆ ಒಂದು ಗಂಟೆ ಬಿಡುವು ಮಾಡಿಕೊಡಬೇಕು. ಆ ಹೊತ್ತಿನ ಕಾಫಿಯನ್ನು ಮಗನೋ ಯಜಮಾನರೋ ಮಾಡಿದರೆ ತಪ್ಪೇನಿಲ್ಲ. ಒಬ್ಬರೇ ಹೋಗಲು ಸಂಕೋಚವಾದರೆ ಅಕ್ಕಪಕ್ಕದ ಇಬ್ಬರು ಮೂವರು ಜತೆಯಾಗಿ ಹೋಗಿ.

ಹೋಗುವ ಮುನ್ನ

ಕಣ್ಣು ಪರೀಕ್ಷೆ ಮಾಡಿಸಿಕೊಳ್ಳಿ. ಓದಿದರೆ ತಲೆ ನೋಯುತ್ತದೆ ಎನ್ನುವ ಎಷ್ಟೋ ಮಂದಿಗೆ ಬೇಕಾದದ್ದು ಸರಿಯಾದ ಚಾಳೀಸು, ಇಲ್ಲವೇ ಪೊರೆಯ ಶಸ್ತ್ರಚಿಕಿತ್ಸೆ. ಕಿವಿ ಮಂದವಾಗಿದ್ದರೆ ಅದನ್ನೂ ತೋರಿಸಿ. ಮಾತು ಸರಿಯಾಗಿ ಕೇಳಿಸದವರು ನಾಚಿಕೆಯಿಂದ ಜನರಿಂದಲೇ ದೂರವಾಗುತ್ತಾರೆ.

ಓದುವಾಗ ಬೆಳಕು ಪುಸ್ತಕದ ಮೇಲೆ ಬೀಳಲಿ, ಕಣ್ಣಿಗೆ ಹೊಡೆಯದಿರಲಿ. ಕತ್ತು ಬಗ್ಗಿಸಿ ಒಂದೇ ಸಮನೆ ಕೂರಬೇಡಿ. ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ, ದೂರದ ವಸ್ತುವನ್ನು ನೋಡಿ. ನೀರಿನ ಬಾಟಲಿ ಜತೆಗಿರಲಿ. ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು ಏನಾದರೂ ಸಿಹಿಯನ್ನು ಕಿಸೆಯಲ್ಲಿ ಇಟ್ಟುಕೊಳ್ಳುವುದು ಕ್ಷೇಮ. ಗ್ರಂಥಾಲಯದ ವೇಳೆ ಮತ್ತು ವಾರದ ರಜೆಯನ್ನು ಮೊದಲೇ ವಿಚಾರಿಸಿಕೊಳ್ಳಿ.

ಎಲ್ಲಕ್ಕೂ ಇದೇ ಮದ್ದಲ್ಲ

ಎರಡು ವಾರಕ್ಕೂ ಹೆಚ್ಚು ಕಾಲ ಯಾವುದರಲ್ಲಿಯೂ ಆಸಕ್ತಿ ಇಲ್ಲದಿರುವುದು, ಊಟ ನಿದ್ದೆ ಕೆಡುವುದು, ವಿನಾಕಾರಣ ಅಳು, ಸಾವಿನ ಮಾತು ಇವು ಖಿನ್ನತೆಯ ಲಕ್ಷಣಗಳಾಗಿರಬಹುದು. ಅಂಥವರಿಗೆ ‘ಹೊರಗೆ ಹೋಗಿ ಬಾ, ಸರಿಹೋಗುತ್ತೆ’ ಎಂದು ಬುದ್ಧಿ ಹೇಳಿ ಕೂರಬೇಡಿ. ವೈದ್ಯರ ಬಳಿ ಕರೆತನ್ನಿ. ಸರಕಾರದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಮನೆಯ ದಾರಿ ಮರೆಯುವುದು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು ಕಂಡುಬಂದರೂ ತಡಮಾಡದೆ ತಪಾಸಣೆ ಮಾಡಿಸಬೇಕು. ನಡೆಯುವಾಗ ಎದೆನೋವು ಬಂದರೆ ಗ್ರಂಥಾಲಯವಲ್ಲ, ಆಸ್ಪತ್ರೆಯೇ ದಾರಿ.

ಆ ಬ್ಯಾಂಕಿನ ಹಿರಿಯರು ಮೂರು ತಿಂಗಳಾದ ಮೇಲೆ ಮತ್ತೆ ಬಂದರು. ಈ ಬಾರಿ ಒಬ್ಬರೇ ಬಂದಿದ್ದರು, ನಡೆದೇ ಬಂದಿದ್ದರು. ಮೊದಲ ಎರಡು ವಾರ ಸೊಸೆಯ ಬಲವಂತಕ್ಕೆ ಹೋದರಂತೆ. ಆಮೇಲೆ ಪತ್ರಿಕೆಯ ಪದಬಂಧದ ವಿಷಯದಲ್ಲಿ ಅಲ್ಲಿನ ಇನ್ನೊಬ್ಬ ನಿವೃತ್ತರ ಜತೆ ವಾದವಾಗಿ, ಈಗ ಅವರಿಬ್ಬರೂ ದಿನಾ ಒಟ್ಟಿಗೆ ಕೂರುತ್ತಾರೆ. ನಿದ್ದೆ ಪೂರ್ತಿ ಸರಿಹೋಗಿಲ್ಲ. ಹೆಂಡತಿಯ ನೆನಪು ಬಂದ ರಾತ್ರಿ ಎಚ್ಚರವಾಗಿಯೇ ಇರುತ್ತಾರೆ. ಅದಕ್ಕೆ ನನ್ನಲ್ಲಿಯೂ ಮದ್ದಿಲ್ಲ.

‘ಹೊಟ್ಟೆ ಉಬ್ಬರ?’ ಎಂದು ಕೇಳಿದೆ.

‘ಅದಿರಲಿ ಡಾಕ್ಟ್ರೇ, ಆ ಗ್ರಂಥಾಲಯದಲ್ಲಿ ಫ್ಯಾನು ಕೆಟ್ಟು ತಿಂಗಳಾಯಿತು. ನಾವು ಹತ್ತು ಜನ ಸಹಿ ಹಾಕಿ ಅರ್ಜಿ ಕೊಟ್ಟಿದ್ದೇವೆ’ ಎಂದರು.

ದೂರು ಹೊಟ್ಟೆಯಿಂದ ಫ್ಯಾನಿಗೆ ಹೋಗಿತ್ತು. ಗುಣವಾಗುತ್ತಿದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಲಕ್ಷಣವನ್ನು ನಾನು ಹುಡುಕಲಿಲ್ಲ.

ದೇಶ ಸುತ್ತು, ಕೋಶ ಓದು ಎಂದರು ಹಿರಿಯರು. ದೇಶ ಸುತ್ತಲು ಮೊಣಕಾಲು ಬಿಡದಿದ್ದರೆ ಬೇಡ. ಎರಡು ಬೀದಿ ಸುತ್ತಿದರೆ ಕೋಶವಿರುವ ಜಾಗ ಸಿಗುತ್ತದೆ. ನಿಮ್ಮ ಮನೆಯಲ್ಲಿಯೂ ಟಿ.ವಿ. ಮುಂದೆ ಕೂತ ಅಪ್ಪನೋ ಅಮ್ಮನೋ ಇದ್ದರೆ, ಇವತ್ತು ಸಂಜೆ ನೀವೇ ಕೈಹಿಡಿದು ಆ ಬಾಗಿಲವರೆಗೆ ಕರೆದುಕೊಂಡು ಹೋಗಿ.