ತಂತ್ರಾಂಶಕ್ಕೂ ಸಾಲ, ಸಾಲಕ್ಕೆ ಬಡ್ಡಿ

ಬೆಳಗಾವಿಯ ಮಹಾಂತೇಶ ನಗರದಲ್ಲಿ ಇಬ್ಬರು ಪದವೀಧರರು 2016ರಲ್ಲಿ ಪುಟ್ಟ ಕಂಪನಿ ತೆರೆದು, ತರಬೇತಿ ಕೇಂದ್ರಗಳಿಗಾಗಿ ಶುಲ್ಕದ ರಸೀದಿ ಮುದ್ರಿಸುವ ತಂತ್ರಾಂಶ ಬರೆದರು ಎಂದಿಟ್ಟುಕೊಳ್ಳೋಣ. ಆಗ ಸೇವಾ ತೆರಿಗೆ, ಉಪಕರಗಳೂ ಸೇರಿ, ಶೇಕಡಾ 15. ಗ್ರಾಹಕರಿಗೆ ಅವಸರ. ದರವನ್ನು ಒಂದೇ ಕಡೆ ಬರೆದಿಟ್ಟು ಬೇಕಾದಲ್ಲಿಗೆ ತೆಗೆದುಕೊಳ್ಳುವ ಬದಲು ರಸೀದಿ, ಮರುಪಾವತಿ, ತಿಂಗಳ ವರದಿ ಎಲ್ಲದರಲ್ಲೂ 15 ಎಂದೇ ಬರೆದುಬಿಟ್ಟರು. ತಂತ್ರಾಂಶವೇನೋ ಸರಿಯಾಗಿಯೇ ನಡೆಯಿತು.

2017ರ ಜುಲೈ 1ರಂದು ಜಿಎಸ್‌ಟಿ ಬಂದು ದರ 18 ಆಯಿತು. ಈಗ ಎಲ್ಲ 15ಗಳನ್ನೂ ಹುಡುಕಿ 18 ಮಾಡಬೇಕು. ಆದರೆ ಅವುಗಳಲ್ಲೊಂದು ತೆರಿಗೆಯದಲ್ಲ, ಶುಲ್ಕ ಕಟ್ಟಲು ಕೊಟ್ಟ 15 ದಿನಗಳ ಗಡುವು! ಜೂನ್ ತಿಂಗಳ ರಸೀದಿಯ ಹಣ ಹಿಂತಿರುಗಿಸುವಾಗಲಂತೂ ಹಳೆಯ ದರವೇ ಬೇಕು. ಐದು ನಿಮಿಷದ ಕೆಲಸಕ್ಕೆ ವಾರ ಹಿಡಿಯುತ್ತದೆ.

ಅಮೆರಿಕದ ತಂತ್ರಾಂಶ ತಜ್ಞ ವಾರ್ಡ್ ಕನಿಂಗ್‌ಹ್ಯಾಮ್ 1992ರಲ್ಲಿ ಇಂಥ ಸ್ಥಿತಿಯನ್ನು ಸಾಲಕ್ಕೆ ಹೋಲಿಸಿದರು. ಬೇಗ ಮುಗಿಸಿ ಉಳಿಸಿದ ಸಮಯವೇ ಅಸಲು. ಮುಂದಿನ ಪ್ರತಿ ಬದಲಾವಣೆಗೂ ತಗಲುವ ಹೆಚ್ಚಿನ ಶ್ರಮವೇ ಬಡ್ಡಿ. ಸಾಲ ಮಾಡುವುದೇ ತಪ್ಪೆಂದು ಅವರು ಹೇಳಲಿಲ್ಲ. ಯಾರೂ ಕೊಳ್ಳದ ತಂತ್ರಾಂಶವನ್ನು ಅಚ್ಚುಕಟ್ಟಾಗಿ ಕಟ್ಟುವುದೂ ನಷ್ಟವೇ ತಾನೆ? ಅಪಾಯವಿರುವುದು ತೀರಿಸದೆ ಬೆಳೆಯುವುದರಲ್ಲಿ.

ನಮ್ಮ ರಾಜ್ಯದಲ್ಲೇ ಒಂದು ಉದಾಹರಣೆಯಿದೆ. 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರಾಟದಿಂದ ಆರಂಭವಾದ ಫ್ಲಿಪ್‌ಕಾರ್ಟ್‌ನ ಜಾಲತಾಣ ಮೊದಲಿಗೆ ಪಿಎಚ್‌ಪಿ ಭಾಷೆ ಮತ್ತು ಮೈಎಸ್‌ಕ್ಯೂಎಲ್ ದತ್ತಸಂಚಯದ ಮೇಲೆ ನಿಂತಿತ್ತು. ಸಣ್ಣ ಅಂಗಡಿಗೆ ಅದು ತಕ್ಕ ಆಯ್ಕೆಯೇ. ಗ್ರಾಹಕರು ಹೆಚ್ಚಿದಂತೆ, ಪುಟಗಳನ್ನು ತೋರಿಸುವ ಕೆಲಸವೂ ವ್ಯಾಪಾರದ ಲೆಕ್ಕ ವಿಶ್ಲೇಷಿಸುವ ಕೆಲಸವೂ ಒಂದೇ ದತ್ತಸಂಚಯದ ಮೇಲೆ ಬಿದ್ದು ತಾಣ ಕುಸಿಯತೊಡಗಿತು. ಎರಡಕ್ಕೂ ಬೇರೆ ಬೇರೆ ಪ್ರತಿಗಳನ್ನು ಒದಗಿಸಿ, ಮುಂದೆ ಹಲವು ಭಾಗಗಳನ್ನು ಬಿಡಿ ಸೇವೆಗಳನ್ನಾಗಿ ಬರೆಯಬೇಕಾಯಿತು. ಇಷ್ಟಾದರೂ 2014ರ ಅಕ್ಟೋಬರ್ 6ರ ದೊಡ್ಡ ಮಾರಾಟದ ದಿನ, ಸುಮಾರು 5,000 ಸರ್ವರ್‌ಗಳನ್ನು ಹೂಡಿ ಇಪ್ಪತ್ತು ಪಟ್ಟು ದಟ್ಟಣೆಗೆ ಸಜ್ಜಾಗಿದ್ದರೂ ತಾಣ ತಡವರಿಸಿತು. ಸ್ಥಾಪಕರು ಗ್ರಾಹಕರ ಕ್ಷಮೆ ಕೇಳಿದರು. ಯಂತ್ರಗಳನ್ನು ಹೆಚ್ಚಿಸಬಹುದು. ಆದರೆ ಎಲ್ಲ ಕೋರಿಕೆಗಳೂ ಒಂದು ಇಕ್ಕಟ್ಟಾದ ಭಾಗವನ್ನೇ ಕಾಯುವಂತಿದ್ದರೆ ಸರತಿ ಕರಗುವುದಿಲ್ಲ.

ಮಹಾಂತೇಶ ನಗರದ ಗೆಳೆಯರು 18 ಎಂದು ತಿದ್ದುವ ಮೊದಲು ಒಂದು ಕೆಲಸ ಮಾಡಬೇಕು: ಹಳೆಯ ಕೆಲವು ರಸೀದಿಗಳ ಮೊತ್ತವನ್ನು ತಾನೇ ತಾಳೆ ನೋಡುವ ಪರೀಕ್ಷಾ ಕ್ರಮವಿಧಿಯನ್ನು ಬರೆಯಬೇಕು. ತಿದ್ದುವಾಗ ಎಡವಿದರೆ ಅದು ಆಗಲೇ ಎಚ್ಚರಿಸುತ್ತದೆ. ಅನಂತರ ಎರಡು ಕಲಮುಗಳ ಪುಟ್ಟ ಪಟ್ಟಿ ಸಾಕು: ತೆರಿಗೆಯ ದರ, ಅದು ಜಾರಿಗೆ ಬಂದ ದಿನಾಂಕ. ರಸೀದಿಯ ದಿನಾಂಕ ನೋಡಿ ದರವನ್ನು ತಂತ್ರಾಂಶವೇ ಆರಿಸಿಕೊಳ್ಳುತ್ತದೆ.