ಅಣ್ಣ ಕಳಿಸುವ ಹಣಕ್ಕೆ ತೆರಿಗೆ ಉಂಟೆ?

ಹಾಸಿಗೆ ಹಿಡಿದ ತಾಯಿಯ ಆರೈಕೆ ನಿಮ್ಮದು. ದೂರದ ಊರಿನಲ್ಲಿರುವ ಅಣ್ಣ ತಿಂಗಳಿಗೆ 15,000 ರೂಪಾಯಿ ನಿಮ್ಮ ಬ್ಯಾಂಕ್ ಖಾತೆಗೆ ಹಾಕುತ್ತಾನೆ. "ಅಮ್ಮನ್ನ ನೋಡ್ಕೊಳ್ಳೋಕೆ ಸಂಬಳ ಬರುತ್ತಲ್ಲ, ಇನ್ನು ತೆರಿಗೆನೂ ಕಟ್ಬೇಕಾಗುತ್ತೆ" ಎಂದು ಯಾರೋ ಅಂದುಬಿಡುತ್ತಾರೆ. ತೆರಿಗೆಗಿಂತ ಆ 'ಸಂಬಳ' ಎಂಬ ಮಾತೇ ಹೆಚ್ಚು ಚುಚ್ಚುತ್ತದೆ, ಅಲ್ಲವೆ? ಕಾನೂನು ಕೂಡ ಆ ಮಾತನ್ನೇ ಹಿಡಿದು ನೋಡುತ್ತದೆ.

ಇಷ್ಟು ಕೆಲಸಕ್ಕೆ ಇಷ್ಟು ಎಂಬ ಕರಾರಿಲ್ಲದೆ ಅಣ್ಣ ಪ್ರೀತಿಯಿಂದ ಕೊಟ್ಟದ್ದು ಉಡುಗೊರೆ. ಒಡಹುಟ್ಟಿದವರು ಕೊಟ್ಟ ಉಡುಗೊರೆಗೆ, ಮೊತ್ತ ಎಷ್ಟೇ ಇರಲಿ, ವರಮಾನ ತೆರಿಗೆ ಇಲ್ಲ. ತಾಯಿಯ ಔಷಧಿ, ಡಾಕ್ಟರ ಫೀಜು, ಹಾಲು ಹಣ್ಣಿಗೆಂದು ಕಳಿಸಿ, ನೀವು ಅದಕ್ಕೇ ಖರ್ಚು ಮಾಡಿದ್ದರಂತೂ ಅದು ನಿಮ್ಮ ಕೈ ಹಾದು ಹೋದ ಹಣ, ಅಷ್ಟೆ. ಆದರೆ "ಕೆಲಸ ಬಿಟ್ಟು ನೋಡಿಕೋ, ತಿಂಗಳಿಗೆ ಇಷ್ಟು ಕೊಡುತ್ತೇನೆ" ಎಂದು ಗೊತ್ತುಮಾಡಿಕೊಂಡಿದ್ದರೆ ಅದು ದುಡಿಮೆಯ ಪ್ರತಿಫಲ. ವರಮಾನವೆಂದು ಲೆಕ್ಕಕ್ಕೆ ಬರುತ್ತದೆ. ಹಾಗೆ ಕೇಳಿ ಪಡೆಯುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಹೊಲಿಗೆಯನ್ನೋ ಪಾಠ ಹೇಳುವುದನ್ನೋ ಬಿಟ್ಟು ರಾತ್ರಿಯೆಲ್ಲಾ ಎಚ್ಚರವಿರುವವರು ನೀವು ತಾನೆ! ಹೆದರಲೂ ಬೇಡಿ. ವರ್ಷಕ್ಕೆ 1,80,000 ಆಯಿತು. 2025-26ರ ಸಾಲಿಗೆ ಹೊಸ ಪದ್ಧತಿಯಲ್ಲಿ ಒಟ್ಟು ವರಮಾನ 4 ಲಕ್ಷ ದಾಟುವವರೆಗೆ ತೆರಿಗೆಯೇ ಇಲ್ಲ.

ಎಚ್ಚರ ಬೇಕಾದದ್ದು ಬೇರೆ ಕಡೆ. ನಾವು ನೆಂಟರೆನ್ನುವವರೆಲ್ಲ ಕಾನೂನಿಗೆ ನೆಂಟರಲ್ಲ. ಗಂಡ, ಮಕ್ಕಳು, ಅಪ್ಪ ಅಮ್ಮ, ಅತ್ತೆ ಮಾವ, ಮೈದುನ, ನಾದಿನಿ, ಚಿಕ್ಕಪ್ಪ, ಸೋದರಮಾವ ಇವರೆಲ್ಲ ಪಟ್ಟಿಯಲ್ಲಿದ್ದಾರೆ. ಚಿಕ್ಕಪ್ಪನ ಮಗ ಇಲ್ಲ! ಇನ್ನೊಂದು ವಿಚಿತ್ರ ಕೇಳಿ. ಸೋದರತ್ತೆ ತನ್ನ ಅಣ್ಣನ ಮಗನಿಗೆ ಕೊಟ್ಟರೆ ತೆರಿಗೆ ಇಲ್ಲ. ಅದೇ ಹುಡುಗ ದೊಡ್ಡವನಾಗಿ ಸೋದರತ್ತೆಗೆ ಕೊಟ್ಟರೆ ಆ ವಿನಾಯಿತಿ ಸಿಗದು. ಪಟ್ಟಿಯಲ್ಲಿಲ್ಲದವರಿಂದ ವರ್ಷದಲ್ಲಿ ಬಂದ ಹಣ ಒಟ್ಟು 50,000 ರೂಪಾಯಿ ದಾಟಿತೋ, ದಾಟಿದಷ್ಟೇ ಅಲ್ಲ, ಇಡೀ ಮೊತ್ತವೇ ವರಮಾನವಾಗುತ್ತದೆ.

ಬಂದ ಹಣ ಉಳಿಸಿ ಬ್ಯಾಂಕಿನಲ್ಲಿ ಠೇವಣಿ ಇಟ್ಟರೆ, ಅದರ ಬಡ್ಡಿ ನಿಮ್ಮ ವರಮಾನ. ಅತ್ತೆಯವರು ಸೊಸೆಗೆಂದು ಪಿಂಚಣಿಯಿಂದ ಕೊಟ್ಟ ಹಣವಾದರೆ ಬಡ್ಡಿ ಅವರ ಲೆಕ್ಕಕ್ಕೇ ಸೇರುತ್ತದೆ. ಇದು ಅನೇಕರಿಗೆ ಗೊತ್ತಿರುವುದಿಲ್ಲ.

ಹಣ ಕೈಗೆ ಬರುವುದಕ್ಕಿಂತ ಖಾತೆಗೆ ಬರಲಿ. ಯಾವುದಕ್ಕಾಗಿ ಕಳಿಸುತ್ತಿದ್ದೇನೆಂದು ಅಣ್ಣ ಇದ್ದದ್ದು ಇದ್ದಹಾಗೆ ಎರಡು ಸಾಲು ಬರೆದುಕೊಡಲಿ. ಔಷಧಿ ಅಂಗಡಿಯ ರಸೀದಿಗಳನ್ನು ಒಂದು ಡಬ್ಬಿಯಲ್ಲಿ ಹಾಕಿಡಿ. ನಾಳೆ ಒಡಹುಟ್ಟಿದವರಲ್ಲೇ ಯಾರಾದರೂ "ಆ ದುಡ್ಡೆಲ್ಲಾ ಏನಾಯ್ತು?" ಎಂದು ಕೇಳಿದರೂ ಆ ಡಬ್ಬಿಯನ್ನೇ ಮುಂದಿಡಬಹುದು.