ಚಗಳಿಯ ಗೂಡು, ಖಾಜನದ ಒಡ್ಡು

ಗೋವೆಯ ಗೇರು ತೋಟಗಳಲ್ಲಿ ಚಗಳಿ ಇರುವೆ ಗೂಡು ಕಟ್ಟುವುದನ್ನು ನಿಂತು ನೋಡಬೇಕು. ಕೆಲವು ಇರುವೆಗಳು ಒಂದರ ಸೊಂಟ ಇನ್ನೊಂದು ಕಚ್ಚಿ ಸರಪಳಿಯಾಗಿ, ದೂರವಿರುವ ಎರಡು ಹಸಿ ಎಲೆಗಳನ್ನು ಎಳೆದು ಹಿಡಿಯುತ್ತವೆ. ಇನ್ನು ಕೆಲವು ಬೆಳೆದ ಮರಿಹುಳುಗಳನ್ನು ಬಾಯಲ್ಲಿ ಕಚ್ಚಿ ತಂದು ಅಂಚಿನಿಂದ ಅಂಚಿಗೆ ಆಡಿಸುತ್ತವೆ. ಮರಿ ಬಿಡುವ ರೇಷ್ಮೆಯೇ ಹೊಲಿಗೆಯ ನೂಲು. ಬೇರೆ ಎಷ್ಟೋ ಇರುವೆಗಳ ಮರಿ ಆ ರೇಷ್ಮೆಯಿಂದ ತನಗೊಂದು ಕೋಶ ನೇಯ್ದುಕೊಳ್ಳುತ್ತದೆ. ಚಗಳಿಯ ಮರಿ ಅದನ್ನು ಗೂಡಿಗೇ ಕೊಟ್ಟುಬಿಡುತ್ತದೆ.

ಹೀಗೆ ದುಡಿಯುವ ಕೆಲಸಗಾರ್ತಿಯರಲ್ಲಿ, ತಮ್ಮ ಸಂತಾನವನ್ನು ಬಿಟ್ಟು ರಾಣಿಯ ಮಕ್ಕಳನ್ನು ಸಾಕುವ ಗುಣ ಉಳಿದು ಬಂದದ್ದು ಹೇಗೆ? ಡಾರ್ವಿನ್‌ನನ್ನು ಕಾಡಿದ ಈ ಪ್ರಶ್ನೆಗೆ ಉತ್ತರವಾಗಿ 1964ರಲ್ಲಿ ವಿಲಿಯಂ ಹ್ಯಾಮಿಲ್ಟನ್ ರಕ್ತಸಂಬಂಧದ ಲೆಕ್ಕ ಹಾಕಿ ತೋರಿಸಿದರು. ಇರುವೆ, ಜೇನು, ಕಣಜಗಳಲ್ಲಿ ಗಂಡು ಹುಟ್ಟುವುದು ಫಲಿತವಾಗದ ಮೊಟ್ಟೆಯಿಂದ. ಹೀಗಾಗಿ ಒಂದೇ ತಂದೆಯ ಅಕ್ಕತಂಗಿಯರು ತಮ್ಮ ವಂಶವಾಹಿಗಳಲ್ಲಿ ಮುಕ್ಕಾಲು ಪಾಲನ್ನು ಹಂಚಿಕೊಂಡಿರುತ್ತಾರೆ. ತಾಯಿಗೂ ಮಗಳಿಗೂ ಇರುವ ನಂಟು ಅರ್ಧ ಮಾತ್ರ. ತಂಗಿಯನ್ನು ಸಾಕಿದರೂ ವಂಶ ಮುಂದುವರಿಯುತ್ತದೆ.

ಲೆಕ್ಕ ಸೊಗಸಾಗಿದೆ, ಆದರೆ ಸಾಲದು. ಇದನ್ನು ಚೆನ್ನಾಗಿ ತೋರಿಸಿಕೊಟ್ಟವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ಮುಖ್ಯರು. ನಮ್ಮ ಸೂರಿನಡಿ, ಕಿಟಕಿಯ ಮೂಲೆಯಲ್ಲಿ ಕಾಗದದಂಥ ಗೂಡು ಕಟ್ಟುವ ರೋಪಾಲಿಡಿಯಾ ಮಾರ್ಜಿನೇಟಾ ಎಂಬ ಕಣಜವನ್ನು ಅವರೂ ಅವರ ಶಿಷ್ಯರೂ ದಶಕಗಳ ಕಾಲ ಗಮನಿಸಿದರು. ಇಲ್ಲಿ ರಾಣಿ ಹಲವು ಗಂಡುಗಳನ್ನು ಕೂಡುತ್ತಾಳೆ, ರಾಣಿಯರೂ ಬದಲಾಗುತ್ತಾರೆ. ಆದ್ದರಿಂದ ಮುಕ್ಕಾಲಿನ ನಂಟು ಉಳಿಯುವುದಿಲ್ಲ. ರಾಣಿಗೂ ಕೆಲಸಗಾರ್ತಿಗೂ ಮೈಕಟ್ಟಿನಲ್ಲಿ ವ್ಯತ್ಯಾಸವಿಲ್ಲ. ರಾಣಿಯನ್ನು ತೆಗೆದರೆ ಕೆಲಸಗಾರ್ತಿಯೊಬ್ಬಳು ಕೂಡಲೇ ಉಗ್ರಳಾಗಿ ಉಳಿದವರ ಮೇಲೆರಗುತ್ತಾಳೆ, ಕೆಲವೇ ದಿನಗಳಲ್ಲಿ ಮೊಟ್ಟೆಯಿಡಲು ತೊಡಗಿ ಸಾಧುವಾಗುತ್ತಾಳೆ. ಅಂದರೆ ತಾಯಾಗುವ ದಾರಿ ಇವರಿಗೆ ಮುಚ್ಚಿಲ್ಲ.

ಹಾಗಿದ್ದೂ ಬೇರೆ ಗೂಡು ಕಟ್ಟದೆ ದುಡಿಯುವುದೇಕೆ? ಮೊಟ್ಟೆ ಕಣಜವಾಗಲು ಸುಮಾರು ಎರಡು ತಿಂಗಳು ಬೇಕು. ಕೆಲಸಗಾರ್ತಿಯ ಸರಾಸರಿ ಆಯುಸ್ಸು ಒಂದು ತಿಂಗಳ ಆಸುಪಾಸು. ಒಂಟಿ ತಾಯಿ ನಡುವೆ ಸತ್ತರೆ ಅವಳ ಶ್ರಮವೆಲ್ಲ ಮಣ್ಣುಪಾಲು. ಗುಂಪಿನಲ್ಲಿದ್ದವಳು ಸತ್ತರೆ, ಅವಳು ಅರ್ಧ ಸಾಕಿದ ಮರಿಯನ್ನು ಇನ್ನೊಬ್ಬಳು ಪೂರ್ತಿ ಸಾಕುತ್ತಾಳೆ. ಗದಗಕರ್ ಒತ್ತಿ ಹೇಳಿದ್ದು ಈ ಖಾತರಿಯನ್ನು. ನನಗೂ ರಕ್ತದ ನಂಟಿಗಿಂತ ಇದೇ ಹೆಚ್ಚು ಮನಮುಟ್ಟುವ ವಿವರಣೆ.

ಒಬ್ಬರಿಂದಾಗದ ಕೆಲಸ ಮನುಷ್ಯರನ್ನೂ ಹತ್ತಿರ ತಂದಿದೆ. ಮಾಂಡವಿ, ಜುವಾರಿ ನದಿಗಳ ದಂಡೆಯಲ್ಲಿ ಉಪ್ಪುನೀರಿಗೆ ಒಡ್ಡು ಹಾಕಿ ಗೋವೆಯವರು ಖಾಜನ ಗದ್ದೆ ಮಾಡಿಕೊಂಡರು. ಉತ್ತರ ಕನ್ನಡದ ಅಘನಾಶಿನಿಯ ಗಜನಿಯೂ ಇದೇ ಬಗೆಯದು. ಗೋವೆಯಲ್ಲಿ ಉಪ್ಪು ತಾಳುವ ಕೊರಗುಟ್ ಭತ್ತ, ಗಜನಿಯಲ್ಲಿ ಕಗ್ಗ. ಒಡ್ಡು ಒಂದೆಡೆ ಒಡೆದರೆ ಎಲ್ಲರ ಗದ್ದೆಗೂ ಉಪ್ಪುನೀರು. ಹಾಗಾಗಿ ಗೋವೆಯ ಊರುಗಳಲ್ಲಿ ಗಾಂವಕರರ, ಅಂದರೆ ಮೂಲ ಮನೆತನದವರ, ಸಭೆ ಒಡ್ಡು, ತೂಬುಗಳನ್ನು ನೋಡಿಕೊಳ್ಳುತ್ತಿತ್ತು. ಪೋರ್ಚುಗೀಸರು 1526ರಲ್ಲೇ ಈ ಕಟ್ಟುಪಾಡುಗಳನ್ನು ಬರೆದಿಟ್ಟರು. ಆ ಸಭೆಯನ್ನು ಆದರ್ಶವೆಂದು ಹೊಗಳಲಾರೆ: ಅಧಿಕಾರವೆಲ್ಲ ಮೂಲ ಮನೆತನಗಳ ಗಂಡಸರ ಕೈಯಲ್ಲಿತ್ತು, ಕೆಸರಿಗಿಳಿದವರು ಹೆಚ್ಚಾಗಿ ಬೇರೆಯವರು.

ಕಣಜದ ಸಹಕಾರಕ್ಕೆ ಬುಡ ವಂಶವಾಹಿ, ಒಡ್ಡಿನದಕ್ಕೆ ಕಟ್ಟುಪಾಡು. ಕಟ್ಟುಪಾಡನ್ನು ಪ್ರತಿ ತಲೆಮಾರೂ ಕಲಿಯಬೇಕು. ಗೋವೆಯ 1964ರ ಗೇಣಿ ಕಾಯಿದೆಯ ನಂತರ ಒಡ್ಡಿನ ಹೊಣೆ ಗೇಣಿದಾರರ ಸಂಘಗಳಿಗೆ ಬಂತು. ಉಳುವವನಿಗೆ ಹಕ್ಕು ಸಿಕ್ಕಿದ್ದು ನ್ಯಾಯವೇ. ಆದರೆ ಬೇಸಾಯ ಬಿಟ್ಟವರು ಹೆಚ್ಚಿದಂತೆ ಒಡ್ಡು ಕಾಯುವವರು ಕಡಿಮೆಯಾದರು. ತೂಬಿನ ಮೀನು ಹಿಡಿಯಲು ಹರಾಜು ಕೂಗಿದವರು ಹೆಚ್ಚು ಉಪ್ಪುನೀರು ಒಳಬಿಟ್ಟ ದೂರುಗಳೂ ಬಂದವು. ಪಾಳುಬಿದ್ದ ಎಷ್ಟೋ ಗದ್ದೆಗಳಲ್ಲಿ ಈಗ ಕಾಂಡ್ಲಾ ಬೆಳೆದಿದೆ.

ಒಡ್ಡು ದುರಸ್ತಿಗೆ ಹಣ ಕೊಡುವ ಸರ್ಕಾರ, ತೂಬನ್ನು ಯಾವಾಗ ತೆರೆಯಬೇಕೆಂದು ತೀರ್ಮಾನಿಸುವ ಅಧಿಕಾರವನ್ನೂ ಆ ಗದ್ದೆಯಲ್ಲಿ ದುಡಿಯುವವರ ಸಭೆಗೇ ಕೊಡಲಿ. ಅದರಲ್ಲಿ ಹೆಂಗಸರಿಗೂ ಜಾಗವಿರಲಿ.